ಕಟ್ಟಡದೊಳಗಿನ ಕುಡಿಯುವ ನೀರು: ನಮ್ಮ ಕರಾವಳಿಗೆ ಯಾವ ಪೈಪು, ಯಾವ ಟಾಂಕಿ?

ನನ್ನ ಮೇಜಿನ ಮೇಲೆ ಗೇಣುದ್ದದ ಒಂದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪಿನ ತುಂಡು ಇದೆ. ಕಾರವಾರದ ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಒಡೆದಾಗ ಸಿಕ್ಕಿದ್ದು. ಹೊರಗಿನಿಂದ ಅದು ಒಂದಿಂಚಿನ ಪೈಪು. ಕಣ್ಣಿಗೆ ಹಿಡಿದು ಒಳಗೆ ನೋಡಿದರೆ ಪೆನ್ಸಿಲ್ ತೂರುವಷ್ಟೇ ದಾರಿ. ಉಳಿದದ್ದೆಲ್ಲ ತುಕ್ಕು. ಹಲಸಿನಕಾಯಿಯ ಸಿಪ್ಪೆಯ ಹಾಗೆ ಗಂಟು ಗಂಟಾಗಿ ಎದ್ದಿದೆ. ಉಗುರಿನಿಂದ ಒತ್ತಿದರೆ ಮೇಲಿನ ಕೆಂಪು ಪೊರೆ ಒಡೆದು ಒಳಗಿಂದ ಕರಿ ಪುಡಿ ಬರುತ್ತದೆ. ಹದಿನೆಂಟು ವರ್ಷ ನಾವೆಲ್ಲ ಇದರೊಳಗಿಂದ ಬಂದ ನೀರನ್ನೇ ಕುಡಿದೆವು.

ಬೆಳಿಗ್ಗೆ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಮೊದಲ ಎರಡು ಚೆಂಬು ನೀರು ಹಳದಿ. ಚಾ ಮಾಡಿದರೆ ಕಪ್ಪಗೆ. ಕಬ್ಬಿಣದ ಅಂಶ ಚಾ ಪುಡಿಯ ಒಗರಿನ ಜೊತೆ ಸೇರಿದರೆ ಹಾಗಾಗುತ್ತದೆ. ಊರಿಗೆ ಬರುವ ನೀರೇ ಸರಿ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದೆವು. ಒಂದು ದಿನ ಗೇಟಿನ ಹತ್ತಿರ, ಮೀಟರ್ ದಾಟಿದ ಕೂಡಲೇ ಒಂದು ಗಾಜಿನ ಬಾಟಲಿ ತುಂಬಿಸಿದೆ. ಅಡುಗೆಮನೆಯದ್ದು ಇನ್ನೊಂದು. ಎರಡನ್ನೂ ಕಿಟಕಿಯಲ್ಲಿ ಇಟ್ಟೆ. ಗೇಟಿನ ನೀರು ತಿಳಿಯಾಗಿತ್ತು. ಅಂದರೆ ನೀರು ಕೆಟ್ಟದ್ದು ನಮ್ಮ ಕಾಂಪೌಂಡಿನೊಳಗೆ.

ನಾನು 24 ಮನೆಗಳ ಈ ಕಟ್ಟಡದ ಕಾರ್ಯದರ್ಶಿ. ಮೊದಲು ಶಾಲೆ ಮಾಸ್ತರನಾಗಿದ್ದವನು. ಪೈಪು ಬದಲಿಸುವ ಕೆಲಸ ಹೊತ್ತ ಮೇಲೆ ಓದಿದ್ದು, ಕೇಳಿದ್ದು, ಕಣ್ಣಾರೆ ಕಂಡದ್ದು ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಅಪಾರ್ಟ್‌ಮೆಂಟ್, ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪ ನೋಡಿಕೊಳ್ಳುವವರಿಗೆ ಉಪಯೋಗ ಆಗಬಹುದು.

ಮೊದಲು ನಮ್ಮ ನೀರನ್ನು ನೋಡಿ

ಕಾರವಾರಕ್ಕೂ ಅಂಕೋಲೆಗೂ ಬರುವುದು ಗಂಗಾವಳಿ ಹೊಳೆಯ ನೀರು. ಶಿರಸಿಗೆ ಕೆಂಗ್ರೆ ಮತ್ತು ಮಾರಿಗದ್ದೆಯಿಂದ. ಘಟ್ಟದ ಮಳೆಯ ನೀರು ಇದು, ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರು. ಇದರ ಜೊತೆ ಹೆಚ್ಚಿನ ಕಟ್ಟಡಗಳಲ್ಲಿ ಒಂದು ಬಾವಿಯೋ ಬೋರೋ ಇದ್ದೇ ಇರುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಮಳೆ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿಯೇ ಬೀಳುತ್ತದೆ. ಆಮೇಲೆ ಚಿರೆಕಲ್ಲಿನ ನೆಲದಲ್ಲಿ ಇಳಿಯುತ್ತದೆ. ಆ ಹುಳಿಯನ್ನು ಮುರಿಯುವ ಸುಣ್ಣ ಚಿರೆಕಲ್ಲಿನಲ್ಲಿ ಇಲ್ಲ. ಹಾಗಾಗಿ ನಮ್ಮ ಕಡೆಯ ಬಾವಿ ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಎಷ್ಟೋ ಕಡೆ 6.5ಕ್ಕಿಂತ ಕೆಳಗೆ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವುದು 6.5ರಿಂದ 8.5.

ಹುಬ್ಬಳ್ಳಿ, ಗದಗ ಕಡೆ ಬೋರಿನ ನೀರು ಗಡಸು. ಅಲ್ಲಿ ಪೈಪಿನೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಅದು ಜಾಸ್ತಿಯಾದರೆ ಗೀಸರ್ ಕೆಡುತ್ತದೆ, ನಿಜ. ಆದರೆ ತೆಳ್ಳಗಿರುವಾಗ ಲೋಹಕ್ಕೆ ಅಂಗಿ ತೊಡಿಸಿದ ಹಾಗೆ. ನಮ್ಮ ನೀರಿನಲ್ಲಿ ಅಂಥ ಅಂಗಿ ಹೊಲಿಯಲು ಬೇಕಾದ ಸುಣ್ಣವೇ ಇಲ್ಲ. ಬರಿಮೈ ಲೋಹ ಸಿಕ್ಕಿದರೆ ನಮ್ಮ ನೀರು ಅದನ್ನು ತಿನ್ನುತ್ತದೆ. ಆದ್ದರಿಂದ ಬಯಲುಸೀಮೆಯ ಅಂಗಡಿಯವರ ಸಲಹೆಯಾಗಲಿ, ಬೆಂಗಳೂರಿನಲ್ಲಿ ಬರೆದ ಎಸ್ಟಿಮೇಟ್ ಆಗಲಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ನೀರು ಎಂಥದ್ದು ಅಂತ ತಿಳಿದುಕೊಂಡು ಪೈಪು ಆರಿಸಬೇಕು. ನನ್ನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನೊಂದು ಇದೆ. ಏಪ್ರಿಲ್, ಮೇ ಬಂತೆಂದರೆ ಹೊಳೆ ದಂಡೆ, ಸಮುದ್ರ ದಂಡೆಯ ಬಾವಿಗಳು ಉಪ್ಪಾಗುತ್ತವೆ. ನಲ್ಲಿ ನೀರು ಕಡಿಮೆಯಾಗಿ ಟ್ಯಾಂಕರ್ ಬರುತ್ತದೆ. ಒಂದೇ ಪೈಪಿನಲ್ಲಿ ಇವತ್ತು ಹೊಳೆ ನೀರು, ನಾಳೆ ಉಪ್ಪು ಬಾವಿಯದ್ದು, ನಾಡಿದ್ದು ಟ್ಯಾಂಕರಿನದ್ದು. ಹೀಗೆ ಮೂಲ ಬದಲಾದಾಗ ಪೈಪಿನೊಳಗೆ ಹಳೆಯದಾಗಿ ಕೂತ ಪೊರೆ ಕದಡುತ್ತದೆ. ಅಮೆರಿಕದ ಫ್ಲಿಂಟ್ ನಗರದ ಕಥೆ ಕೇಳಿರಬಹುದು. 2014ರ ಏಪ್ರಿಲ್‌ನಲ್ಲಿ ಹಣ ಉಳಿಸಲು ಅಲ್ಲಿ ನೀರಿನ ಮೂಲ ಬದಲಿಸಿ ಫ್ಲಿಂಟ್ ನದಿಯ ನೀರು ಬಿಟ್ಟರು. ಲೋಹ ಕರಗದಂತೆ ತಡೆಯುವ ರಾಸಾಯನಿಕ ಸೇರಿಸಲಿಲ್ಲ. ಹಳೆಯ ಸೀಸದ ಪೈಪುಗಳಿಂದ ಸೀಸ ಕರಗಿ ಮನೆಮನೆಯ ನಲ್ಲಿಗೆ ಬಂತು. ಮಕ್ಕಳ ರಕ್ತದಲ್ಲಿ ಸೀಸ ಏರಿತು. ನಮ್ಮಲ್ಲಿ ಆ ನಮೂನೆ ಸೀಸದ ಪೈಪುಗಳ ಜಾಲ ಇಲ್ಲ. ಆದರೆ ಮೇ ತಿಂಗಳಲ್ಲಿ ನಲ್ಲಿ ನೀರು ದಿಢೀರನೆ ಕೆಂಪಾಗುವುದಕ್ಕೂ ಈ ಕಥೆಗೂ ಕಾರಣದಲ್ಲಿ ನೆಂಟಸ್ತನ ಇದೆ.

ಪೈಪು: ಯಾವುದು, ಎಲ್ಲಿಗೆ

ಜಿಐಯಿಂದ ಶುರು ಮಾಡೋಣ. ಗಟ್ಟಿ, ಪೆಟ್ಟು ತಡೆಯುತ್ತದೆ, ಹಳೆ ಪ್ಲಂಬರುಗಳ ಕೈಗೆ ಒಗ್ಗಿದ್ದು. ಕಬ್ಬಿಣದ ಮೇಲೆ ಸತುವಿನ ಲೇಪ. ಗಡಸು ನೀರಿನಲ್ಲಿ ಆ ಲೇಪ ಬಹಳ ವರ್ಷ ಬಾಳುತ್ತದೆ. ನಮ್ಮ ಹುಳಿ ನೀರಿನಲ್ಲಿ ಮೊದಲು ಸತು ಹೋಗುತ್ತದೆ, ಆಮೇಲೆ ಕಬ್ಬಿಣ. ಚೂಡಿ ಕೊರೆದ ಕಡೆ, ಅಂದರೆ ಎಲ್ಬೋ, ಟೀ ಎಂಬ ಜೋಡಣೆ ತುಂಡುಗಳು ಕೂರುವ ಕಡೆ ಲೇಪವೇ ಇರುವುದಿಲ್ಲ. ತುಕ್ಕು ಶುರುವಾಗುವುದು ಅಲ್ಲಿಂದಲೇ. ತುಕ್ಕಿನ ಗಂಟುಗಳ ಸಂದಿಯಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಕ್ಲೋರಿನ್ ತುಕ್ಕಿನ ಜೊತೆಯೇ ಕಾದಾಡಿ ಖರ್ಚಾಗಿಬಿಡುತ್ತದೆ, ಜೀವಿಗಳ ತನಕ ಮುಟ್ಟುವುದೇ ಇಲ್ಲ. ಕುಡಿಯುವ ನೀರಿಗೆ ನಮ್ಮ ಕರಾವಳಿಯಲ್ಲಿ ಹೊಸದಾಗಿ ಜಿಐ ಹಾಕಬೇಡಿ. ಬೆಂಕಿ ಆರಿಸುವ ಲೈನಿಗೆ ಲೋಹ ಬೇಕು, ಅದು ಬೇರೆ ವಿಷಯ. ಆ ಲೈನಿನ ನೀರು ವರ್ಷಗಟ್ಟಲೆ ನಿಂತಿರುತ್ತದೆ. ಅದು ಕುಡಿಯುವ ಲೈನಿಗೆ ತಿರುಗಿ ಬರದಂತೆ ಸಂಪೂರ್ಣ ಬೇರೆಯಾಗಿರಬೇಕು. ಎಲ್ಲಾದರೂ ಕೂಡಿದ್ದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಇದೆಯೇ, ಕೆಲಸ ಮಾಡುತ್ತಿದೆಯೇ ನೋಡಿ.

ತಾಮ್ರ. ನಮಗೆಲ್ಲ ತಾಮ್ರದ ಹಂಡೆ, ತಾಮ್ರದ ಚೊಂಬು ಅಂದರೆ ಪ್ರೀತಿ. ತಾಮ್ರದ ಪೈಪಿನಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದಿಲ್ಲ ಎನ್ನುವುದೂ ನಿಜ. ಆದರೆ ಪಿಎಚ್ 6.5ಕ್ಕಿಂತ ಕೆಳಗಿನ ನೀರಿನಲ್ಲಿ ತಾಮ್ರ ಕರಗುತ್ತದೆ. ಬಿಳಿ ಬೇಸಿನ್ ಮೇಲೆ ನಲ್ಲಿ ತೊಟ್ಟಿಕ್ಕುವ ಕಡೆ ನೀಲಿ ಹಸಿರು ಕಲೆ ಬಿದ್ದರೆ ಅದೇ ಗುರುತು. ರಾತ್ರಿಯಿಡೀ ನಿಂತ ನೀರು ಕುಡಿದರೆ ವಾಕರಿಕೆ, ಹೊಟ್ಟೆನೋವು ಬರಬಹುದು. ಮೇಲಿಂದ ದುಬಾರಿ. ತಾಮ್ರ ಹಾಕಿದ ಮುಂದೆ ಜಿಐ ತುಂಡು ಜೋಡಿಸಿದರಂತೂ ಕೆಲಸ ಕೆಟ್ಟಿತು. ಕರಗಿದ ತಾಮ್ರ ಹೋಗಿ ಜಿಐ ಮೇಲೆ ಕೂತು ಅದನ್ನು ಬೇಗ ತೂತು ಮಾಡುತ್ತದೆ.

ಪ್ಲಾಸ್ಟಿಕ್ಕಿನಲ್ಲಿ ಗೊಂದಲ ಜಾಸ್ತಿ. ಅಂಗಡಿಯಲ್ಲಿ ಎಲ್ಲವನ್ನೂ ಪಿವಿಸಿ ಅಂತಲೇ ಕೊಡುತ್ತಾರೆ. ಪೈಪಿನ ಮೇಲೆ ಅಚ್ಚೊತ್ತಿದ ನಂಬರ್ ಓದಿ. ಕುಡಿಯುವ ನೀರಿನ ಯುಪಿವಿಸಿಗೆ ಐಎಸ್ 4985. ಸಿಪಿವಿಸಿಗೆ ಐಎಸ್ 15778. ಪಿಪಿಆರ್‌ಗೆ ಐಎಸ್ 15801. ಎಚ್‌ಡಿಪಿಇಗೆ ಐಎಸ್ 4984. ಐಎಸ್ 13592 ಅಂತ ಇದ್ದರೆ ಅದು ಸಂಡಾಸು, ಬಚ್ಚಲಿನ ಕೊಳಚೆ ಹೋಗುವ ಪೈಪು. ಕುಡಿಯುವ ನೀರಿಗೆ ಸಲ್ಲ. ನಂಬರೇ ಇಲ್ಲದ ಪೈಪು ಎಷ್ಟು ಅಗ್ಗವಾದರೂ ಬೇಡ.

ಯುಪಿವಿಸಿ ಅಗ್ಗ, ಹಗುರ, ತುಕ್ಕಿಲ್ಲ. ಅದರ ಒಂದು ಹಳೆಯ ದೋಷ ತಿಳಿದಿರಲಿ. ಪೈಪು ಎರಕ ಹೊಯ್ಯುವಾಗ ಶಾಖಕ್ಕೆ ಪಿವಿಸಿ ಕೆಡದಿರಲಿ ಅಂತ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಹೊಸ ಪೈಪಿನ ಒಳಮೈಯಿಂದ, ಅದರಲ್ಲೂ ಹುಳಿ ನೀರಿಗೆ, ಆ ಸೀಸ ಸ್ವಲ್ಪ ಸ್ವಲ್ಪ ಬಿಡುತ್ತಿತ್ತು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿ.ಗ್ರಾಂ ಮೀರಬಾರದು. 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪಿವಿಸಿ ಪೈಪುಗಳಲ್ಲಿ ಸೀಸ ಬಳಸುವುದನ್ನು ನಿಲ್ಲಿಸಲು ನಿಯಮ ತಂದಿತು. ಹಾಗಾಗಿ ಈಗ ಕೊಳ್ಳುವಾಗ ಸೀಸರಹಿತ ಅಂತ ಬರೆದದ್ದನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯ ಮೂಲೆಯಲ್ಲಿ ಉಳಿದ ಹಳೆ ಸ್ಟಾಕ್ ಬೇಡ. ಯುಪಿವಿಸಿಗೆ ಬಿಸಿ ಆಗುವುದಿಲ್ಲ. ಗೀಸರ್ ಲೈನಿಗೆ ಹಾಕಿದರೆ ಮೆತ್ತಗಾಗಿ ಜೋಡಣೆ ಬಿಡುತ್ತದೆ. ಬಿಸಿಲಿಗೂ ಸೂಕ್ಷ್ಮ. ಟೆರೇಸಿನ ಮೇಲೆ ಹಾಯಿಸಿದರೆ ಪೇಂಟ್ ಹೊಡೆಯಬೇಕು.

ಸಿಪಿವಿಸಿ 90 ಡಿಗ್ರಿ ಹತ್ತಿರದ ಬಿಸಿಯನ್ನೂ ತಡೆಯುತ್ತದೆ. ತಣ್ಣೀರು, ಬಿಸಿನೀರು ಎರಡಕ್ಕೂ ಒಂದೇ ಪೈಪು, ಒಂದೇ ಫಿಟ್ಟಿಂಗ್. ನಾವು ಮನೆಗಳ ಒಳಗೆ ಇದನ್ನೇ ಆರಿಸಿದೆವು. ಇದರ ಸೋಲು ಗೆಲುವು ಜೋಡಿಸುವವರ ಕೈಯಲ್ಲಿದೆ. ಪೈಪನ್ನು ನೇರ ಕತ್ತರಿಸಬೇಕು, ಚೂರು ಕೆರೆದು ತೆಗೆಯಬೇಕು, ಸೊಲ್ಯೂಷನ್, ಅಂದರೆ ಅಂಟು, ತೆಳ್ಳಗೆ ಹಚ್ಚಬೇಕು. ದಪ್ಪಗೆ ಬಳಿದರೆ ಹೆಚ್ಚಾದದ್ದು ಒಳಗೆ ಹೋಗಿ ಕಟ್ಟಿಕೊಳ್ಳುತ್ತದೆ, ನೀರಿಗೆ ವಾಸನೆ ಬರುತ್ತದೆ. ನಮ್ಮ ಪ್ಲಂಬರ್ ಒಳ್ಳೆ ಕೆಲಸಗಾರ. ಎರಡನೇ ಮಹಡಿ ಮುಗಿದ ಸಂಜೆ ಕೇಳಿದೆ.

"ತಮ್ಮಾ, ಇವತ್ತೇ ನೀರು ಬಿಡೋಣವಾ? ಮನೆಯವರು ಕಾಯ್ತಾ ಇದ್ದಾರೆ."

"ನಾಳೆ ಬೆಳಿಗ್ಗೆ ಬಿಡಿ ಮಾಸ್ತರ್ರೇ. ಸೊಲ್ಯೂಷನ್ ಕಚ್ಚಬೇಕು. ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಸುಮ್ನೆ ಹರಿಸಿ. ಮೊದಲ ನೀರು ಕುಡಿಯೋದು ಬೇಡ."

ಅವನ ಮಾತು ಸರಿ. ಹೊಸ ಲೈನನ್ನು ಚೆನ್ನಾಗಿ ಹರಿಸಿ, ಕ್ಲೋರಿನ್ ಹಾಕಿ ನಿಲ್ಲಿಸಿ, ಮತ್ತೆ ಹರಿಸಿ, ಆಮೇಲೆ ಕುಡಿಯಬೇಕು. ಇನ್ನೊಂದು ಎಚ್ಚರಿಕೆ. ಎಣ್ಣೆ ಬೆರೆತ ಗೆದ್ದಲು ಔಷಧ, ಥಿನ್ನರ್, ಕೆಲವು ಪೇಂಟುಗಳು ಸಿಪಿವಿಸಿಗೆ ತಾಗಿದರೆ ಅದು ಬಿರುಕು ಬಿಡುತ್ತದೆ. ನಮ್ಮ ಕಡೆ ಗೆದ್ದಲು ಔಷಧ ಹೊಡೆಸದ ಮನೆ ಇಲ್ಲ, ಅಲ್ವಾ? ಪೈಪು ಎಲ್ಲಿದೆ ಅಂತ ಔಷಧದವರಿಗೆ ಮೊದಲೇ ತೋರಿಸಿ.

ಪಿಪಿಆರ್ ಅನ್ನು ಅಂಟಿಸುವುದಿಲ್ಲ, ಬಿಸಿ ಮಾಡಿ ಕರಗಿಸಿ ಕೂಡಿಸುತ್ತಾರೆ. ಸೊಲ್ಯೂಷನ್ನಿನ ಪ್ರಶ್ನೆಯೇ ಇಲ್ಲ. ಕುಡಿಯುವ ನೀರಿನ ದೃಷ್ಟಿಯಿಂದ ನನಗೆ ಇದೇ ಜಾಸ್ತಿ ಇಷ್ಟ. ಆದರೆ ಕಾಯಿಸಿದ್ದು ಒಂಚೂರು ಹೆಚ್ಚಾದರೆ ಒಳಗೆ ಬಳೆಯ ಹಾಗೆ ಉಬ್ಬಿ ದಾರಿ ಚಿಕ್ಕದಾಗುತ್ತದೆ. ಮಷಿನ್ ಇಟ್ಟುಕೊಂಡು ಈ ಕೆಲಸ ಪಳಗಿದವರು ನಿಮ್ಮೂರಲ್ಲಿ ಸಿಗುತ್ತಾರಾ, ಐದು ವರ್ಷದ ಮೇಲೆ ರಿಪೇರಿಗೂ ಬರುತ್ತಾರಾ ಅಂತ ನೋಡಿಕೊಂಡು ಮುಂದುವರಿಯಿರಿ. ನಾವು ಆ ಭರವಸೆ ಸಿಗದೆ ಸಿಪಿವಿಸಿಗೆ ಹೋದೆವು.

ನೆಲದಡಿ, ಗೇಟಿನಿಂದ ಸಂಪಿನ ತನಕ, ಎಚ್‌ಡಿಪಿಇ ಒಳ್ಳೆಯದು. ಬಾಗುತ್ತದೆ, ಜೋಡಣೆ ಕಡಿಮೆ. ಜೋಡಣೆ ಕಡಿಮೆಯಾದಷ್ಟೂ ಕೊಳಚೆ ಒಳನುಗ್ಗುವ ಜಾಗ ಕಡಿಮೆ. ಜನರೇಟರಿನ ಡೀಸೆಲ್ ಚೆಲ್ಲುವ ಜಾಗದಲ್ಲಿ ಮಾತ್ರ ಹಾಯಿಸಬೇಡಿ. ಎಣ್ಣೆಯ ಅಂಶ ಪ್ಲಾಸ್ಟಿಕ್ ಗೋಡೆಯನ್ನೇ ದಾಟಿ ನೀರಿಗೆ ಸೇರುತ್ತದೆ.

ನಲ್ಲಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿತ್ತಾಳೆಯಲ್ಲಿ ಕೊರೆಯಲು ಸುಲಭವಾಗಲಿ ಅಂತ ಸ್ವಲ್ಪ ಸೀಸ ಇರುವುದುಂಟು. ಮೇಲೆ ಹೊಳೆಯುವ ಕ್ರೋಮ್ ಇದ್ದರೂ ಒಳಗೆ ಬರಿ ಹಿತ್ತಾಳೆ. ರಾತ್ರಿ ನಿಂತ ನೀರು ಅದನ್ನು ನೆಕ್ಕುತ್ತಲೇ ಇರುತ್ತದೆ. ಅಡುಗೆಮನೆಯ ಒಂದು ನಲ್ಲಿಗಾದರೂ ಸ್ವಲ್ಪ ಹಣ ಹೆಚ್ಚು ಹಾಕಿ ಒಳ್ಳೆಯದು ತನ್ನಿ. ಬೆಳಗಿನ ಮೊದಲ ನೀರನ್ನು ಕುಡಿಯಬೇಡಿ. ತುಳಸಿಗೆ, ಗಿಡಕ್ಕೆ ಹಾಕಿ.

ಅರ್ಧ ಬದಲಿಸುವುದರ ಬಗ್ಗೆ ಒಂದು ಮಾತು. ಮನೆಯೊಳಗೆ ಹೊಸ ಪ್ಲಾಸ್ಟಿಕ್, ಟೆರೇಸಿನಿಂದ ಇಳಿಯುವ ಡೌನ್ ಲೈನ್ ಮಾತ್ರ ಹಳೆ ಜಿಐ. ಹೀಗೆ ಮಾಡಿದ ಕಟ್ಟಡಗಳನ್ನು ನೋಡಿದ್ದೇನೆ. ಬಡಿಯುವಾಗ ಸಡಿಲಾದ ತುಕ್ಕೆಲ್ಲ ಹೊಸ ಪೈಪಿಗೆ ಬಂದು ಸೇರುತ್ತದೆ. ಹಣ ಒಮ್ಮೆಗೇ ಇಲ್ಲದಿದ್ದರೆ ಡೌನ್ ಲೈನನ್ನೇ ಮೊದಲು ಬದಲಿಸಿ, ಮನೆಯೊಳಗಿನದ್ದು ಆಮೇಲೆ.

ನಿಂತ ನೀರು

ಯಾವ ಪೈಪು ಹಾಕಿದರೂ ನೀರು ನಿಂತರೆ ಕೆಡುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಉಳಿದಿರುವ ಕ್ಲೋರಿನ್ನೇ ಅದರ ಕಾವಲುಗಾರ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ದಿನ ಕಳೆದ ಹಾಗೆ ಅದು ಕರಗಿ ಹೋಗುತ್ತದೆ. ಆಮೇಲೆ ಪೈಪಿನ ಒಳಗೋಡೆಗೆ ಲೋಳೆ ಹಿಡಿಯುತ್ತದೆ. ಕೈಗೆ ಜಾರುವ ಆ ಪೊರೆಯೇ ಸೂಕ್ಷ್ಮಜೀವಿಗಳ ಕೇರಿ.

ನಮ್ಮ ಕಡೆಯ ಕಟ್ಟಡಗಳಿಗೆ ಇದು ದೊಡ್ಡ ತೊಂದರೆ. ನಮ್ಮ 24 ಮನೆಗಳಲ್ಲಿ ಹತ್ತಕ್ಕೆ ಬೀಗ. ಮುಂಬೈ, ಗೋವಾ, ದುಬೈಯಲ್ಲಿರುವವರು ಚೌತಿಗೆ ಬಂದು ಬಾಗಿಲು ತೆಗೆಯುತ್ತಾರೆ. ಹನ್ನೊಂದು ತಿಂಗಳು ಅವರ ಪೈಪಿನಲ್ಲಿ ನೀರು ನಿಂತೇ ಇರುತ್ತದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಲಾಡ್ಜಿನ ಎಲ್ಲ ಕೋಣೆ ತುಂಬುತ್ತವೆ. ಮೂಲೆಯ ಕೆಲವು ಕೋಣೆ ಅಷ್ಟು ದಿನ ತೆರೆದೇ ಇರುವುದಿಲ್ಲ. ಹಾಸ್ಟೆಲಿಗೆ ಬೇಸಿಗೆ ರಜೆ. 2020ರ ಲಾಕ್‌ಡೌನ್ ಮುಗಿದಾಗ ಜಗತ್ತಿನ ಎಲ್ಲ ಕಡೆ ದೊಡ್ಡ ಕಟ್ಟಡಗಳಿಗೆ ಹೇಳಿದ್ದು ಇದನ್ನೇ: ಜನ ಬರುವ ಮೊದಲು ಎಲ್ಲ ನಲ್ಲಿ ತೆರೆದು ಹಳೆ ನೀರು ಹರಿಸಿ.

ಎಷ್ಟು ಹರಿಸಬೇಕು? ಲೆಕ್ಕ ಸುಲಭ. ಮುಕ್ಕಾಲು ಇಂಚಿನ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 0.3 ಲೀಟರ್ ನೀರು ಇರುತ್ತದೆ. ಒಂದಿಂಚಿನದರಲ್ಲಿ ಸುಮಾರು ಅರ್ಧ ಲೀಟರ್. ಮನೆಯೊಳಗೆ ಹತ್ತು ಮೀಟರ್ ಮುಕ್ಕಾಲು ಇಂಚಿನ ಪೈಪು ಇದ್ದರೆ ಮೂರು ಲೀಟರ್ ಹಳೆ ನೀರು. ಒಂದು ರಾತ್ರಿಗಾದರೆ ಅಷ್ಟು ಬಿಟ್ಟರೆ ಸಾಕು. ಡೌನ್ ಲೈನನ್ನು ಅಕ್ಕಪಕ್ಕದವರು ಬಳಸುತ್ತಿರುತ್ತಾರೆ, ಅಲ್ಲಿ ನೀರು ತಾಜಾ ಆಗುತ್ತಿರುತ್ತದೆ. ನಿಮ್ಮ ಮನೆಗೆ ತಿರುಗಿದ ಪೈಪನ್ನು ನೀವೇ ಬಳಸಬೇಕು. ಈಗ ನಮ್ಮಲ್ಲಿ ಬೀಗ ಹಾಕಿದ ಮನೆಗಳ ಕೀಲಿ ವಾಚ್‌ಮನ್ ಹತ್ತಿರ ಇವೆ. ಪ್ರತಿ ಭಾನುವಾರ ಬೆಳಿಗ್ಗೆ ಅವರು ಎಲ್ಲ ನಲ್ಲಿ ಬಿಟ್ಟು, ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಾರೆ.

ಬಳಕೆ ನಿಂತ ನಲ್ಲಿಯ ಪೈಪನ್ನು ಸುಮ್ನೆ ಬೂಚು ಹಾಕಿ ಬಿಡಬೇಡಿ. ಆ ಕುರುಡು ತುಂಡಿನಲ್ಲಿ ನಿಂತ ನೀರು ಹರಿಯುವ ನೀರಿಗೆ ಬೆರೆಯುತ್ತಲೇ ಇರುತ್ತದೆ. ಟೀ ಹತ್ತಿರವೇ ಕತ್ತರಿಸಿ ಮುಚ್ಚಿಸಿ.

ಟಾಂಕಿ ಮತ್ತು ಸಂಪು

ದೊಡ್ಡ ಟಾಂಕಿ ಇದ್ದರೆ ನೆಮ್ಮದಿ ಅಂತ ನಾವು ನಂಬಿದ್ದೇವೆ. ನಮ್ಮ ಕಟ್ಟಡದ ಲೆಕ್ಕ ಕೇಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. 24 ಮನೆ, ಮನೆಗೆ ಐದು ಜನ ಅಂದರೆ 16,200 ಲೀಟರ್. ಬಿಲ್ಡರ್ ಎರಡೂವರೆ ದಿನಕ್ಕೆ ಆಗಲಿ ಅಂತ ಸಂಪು, ಟಾಂಕಿ ಸೇರಿ 40,000 ಲೀಟರ್ ಕಟ್ಟಿದರು. ಈಗ ಇರುವುದು 14 ಮನೆ, ಮನೆಗೆ ಮೂರು ಜನ. ದಿನಕ್ಕೆ 5,670 ಲೀಟರ್. ಅಂದರೆ ನಮ್ಮ ನಲ್ಲಿಗೆ ಬರುವ ನೀರಿಗೆ ಒಂದು ವಾರದ ವಯಸ್ಸು. ನಾವು ಮಾಡಿದ್ದು ಇಷ್ಟೇ, ಬಾಲ್ ಕಾಕ್ ಕೆಳಗಿಳಿಸಿ ಅರ್ಧ ಮಾತ್ರ ತುಂಬುವ ಹಾಗೆ ಇಟ್ಟೆವು. ಚೌತಿಗೆ, ಮದುವೆ ದಿನಗಳಿಗೆ ಮತ್ತೆ ಮೇಲೇರಿಸುತ್ತೇವೆ. ಹೊಸದಾಗಿ ಕಟ್ಟುವವರಾದರೆ ಒಂದು ದೊಡ್ಡ ಟಾಂಕಿಯ ಬದಲು ಎರಡು ಸಣ್ಣವು ಇಡಿ. ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತದೆ, ಜನ ಕಡಿಮೆ ಇದ್ದಾಗ ಒಂದು ಮುಚ್ಚಿಡಬಹುದು.

ಸಿಮೆಂಟ್ ಟಾಂಕಿಯನ್ನು ಕಡೆಗಣಿಸಬೇಡಿ. ನಮ್ಮ ಹುಳಿ ನೀರು ಸಿಮೆಂಟಿನ ಸುಣ್ಣ ಕರಗಿಸಿಕೊಂಡು ಸ್ವಲ್ಪ ಸಪ್ಪೆಯಾಗುತ್ತದೆ, ಪಿಎಚ್ ಏರುತ್ತದೆ. ನೀರಿಗೆ ಅದು ಒಳ್ಳೆಯದೇ. ಗೋಡೆಗೆ ಕಷ್ಟ. ವರ್ಷಗಳ ಮೇಲೆ ಕೈ ಉಜ್ಜಿದರೆ ಮರಳು ಉದುರುತ್ತದೆ, ಸಂದಿ ಬಿಡುತ್ತದೆ, ತೊಳೆಯಲು ಕಷ್ಟ. ಪ್ಲಾಸ್ಟಿಕ್ ಟಾಂಕಿಗೆ ಐಎಸ್ 12701 ನೋಡಿ. ಬೆಳಕು ಒಳಗೆ ಬಿದ್ದರೆ ಪಾಚಿ. ಮುಚ್ಚಳ ತೆರೆಯದೆ ಒಳಗೆ ಬೆಳಕು ಕಾಣುವಂಥ ತೆಳು ಟಾಂಕಿ ಬೇಡವೇ ಬೇಡ. ನಮ್ಮ ಕರಾವಳಿಗೆ ಮೇಲಿನ ಟಾಂಕಿಯಾಗಿ ಇದೇ ನನ್ನ ಆಯ್ಕೆ, ನೆರಳು ಮಾಡಿ ಇಟ್ಟರೆ ಇನ್ನೂ ಒಳ್ಳೆಯದು. ಸ್ಟೀಲ್ ಟಾಂಕಿ ನೋಡಲು ಚಂದ. ಆದರೆ ಸಾಮಾನ್ಯವಾಗಿ ಬರುವ 304 ದರ್ಜೆಯ ಸ್ಟೀಲು ಉಪ್ಪು ಗಾಳಿ, ಉಪ್ಪು ನೀರಿಗೆ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತದೆ. ಸಮುದ್ರ ಕಾಣುವ ಕಟ್ಟಡವಾದರೆ 316 ಬೇಕು, ಅದು ದುಬಾರಿ. ಶಿರಸಿ, ಸಿದ್ದಾಪುರದವರಿಗೆ 304 ಸಾಕು.

ಸಂಪು ನಮ್ಮಲ್ಲಿ ಅತಿ ಅಪಾಯದ ಜಾಗ. ಮಳೆಗಾಲದಲ್ಲಿ ನೆಲದ ನೀರು ಅಂಗಳದ ತನಕ ಏರುತ್ತದೆ. ಅಲ್ಲೇ ಪಕ್ಕದಲ್ಲಿ ಶೌಚದ ಗುಂಡಿ. ಸಂಪಿನ ಗೋಡೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು. ಪರೀಕ್ಷೆ ಹೀಗೆ ಮಾಡಿ. ಜುಲೈನಲ್ಲಿ ಒಂದು ರಾತ್ರಿ ಒಳಬರುವ ವಾಲ್ವ್, ಮೋಟಾರು ಎರಡೂ ಬಂದ್ ಮಾಡಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ನೀರು ಏರಿದ್ದರೆ ಹೊರಗಿನದ್ದು ಒಳಗೆ ಬರುತ್ತಿದೆ. ಸಂಪಿನ ಬಾಯಿ ಅಂಗಳಕ್ಕಿಂತ ಒಂದಡಿ ಎತ್ತರ ಇರಲಿ. ಕಾರು ತೊಳೆದ ನೀರು ಅದರ ಮೇಲೆ ಹರಿಯದಿರಲಿ.

ವರ್ಷಕ್ಕೆ ಎರಡು ಸಲ ತೊಳೆಸಿ, ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ. ಉಜ್ಜಿ ತೊಳೆದ ಮೇಲೆ 1000 ಲೀಟರ್ ನೀರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 1 ಲೀಟರ್ ಹಾಕಿ. ಮನೆಗಳ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಎಲ್ಲ ಖಾಲಿ ಮಾಡಿ. ಆ ನೀರು ಕುಡಿಯುವಂಥದ್ದಲ್ಲ ಅಂತ ಎಲ್ಲ ಮನೆಗೂ ಮೊದಲೇ ಹೇಳಿ. ಆಸಿಡ್ ಜೊತೆ ಕ್ಲೋರಿನ್ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಸಂಪಿಗೆ ಒಬ್ಬನೇ ಇಳಿಯಬಾರದು. ಮುಚ್ಚಳ ತೆರೆದು ಗಾಳಿಯಾಡಿಸಿ, ಮೇಲೆ ಒಬ್ಬರು ನಿಂತಿರಲೇಬೇಕು. ಕೆಲಸಕ್ಕೆ ಬಂದವರ ಜೀವ ನಮ್ಮ ಹೊಣೆ.

ನೇರ ಲೈನೋ, ಟಾಂಕಿಯದ್ದೋ?

ಅಡುಗೆಮನೆಗೆ ಮೀಟರಿನಿಂದಲೇ ಒಂದು ನೇರ ಲೈನ್ ಕೊಟ್ಟರೆ ಸಂಪು, ಟಾಂಕಿ ಎರಡನ್ನೂ ತಪ್ಪಿಸಿದ ಹಾಗಾಯಿತು. ಹತ್ತು ಮೀಟರ್ ಎತ್ತರಕ್ಕೆ ನೀರು ಏರಲು ಸುಮಾರು ಒಂದು ಕೆಜಿ ಒತ್ತಡ ಬೇಕು. ನಮ್ಮ ಊರುಗಳಲ್ಲಿ ನೆಲಮಹಡಿ, ಹೆಚ್ಚೆಂದರೆ ಮೊದಲ ಮಹಡಿಗೆ ಇದು ನಡೆಯಬಹುದು. ನೀರು ಬರುವ ಹೊತ್ತಿಗೆ ಕೊಡ ತುಂಬಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೇಲಿನ ಮಹಡಿಗಳಿಗೆ ಕುಡಿಯುವ ನೀರಿಗೆಂದೇ ಒಂದು ಸಣ್ಣ ಟಾಂಕಿ, ಬೇರೆ ಡೌನ್ ಲೈನ್ ಮಾಡಿ. ಬಾವಿ, ಬೋರಿನ ನೀರು ಬಚ್ಚಲು, ಸಂಡಾಸಿಗೆ ಹೋಗಲಿ. ಎರಡು ಲೈನಿನ ನಡುವೆ ಒಂದು ವಾಲ್ವ್ ಹಾಕಿ "ಬೇಕಾದಾಗ ತೆರೆದರಾಯಿತು" ಅಂತ ಪ್ಲಂಬರ್ ಹೇಳಿದರೆ ಒಪ್ಪಬೇಡಿ. ಆ ವಾಲ್ವ್ ಒಂದು ದಿನ ಸೋರಿಯೇ ಸೋರುತ್ತದೆ.

ಬೀದಿಯ ಲೈನಿಗೆ ನೇರ ಮೋಟಾರು ಹಚ್ಚುವುದು ಮಹಾ ತಪ್ಪು. ನೀರು ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಪೈಪಿನೊಳಗೆ ಒತ್ತಡ ಇಳಿದಾಗ ಬಿರುಕಿನಿಂದ ಹೊರಗಿನ ನೀರು ಒಳಗೆ ಬರುತ್ತದೆ. ಮೋಟಾರು ಆ ಚರಂಡಿ ನೀರನ್ನು ಎಳೆದು ತರುತ್ತದೆ, ನಿಮಗೂ, ಕೇರಿಗೂ. ಇದೇ ಕಾರಣಕ್ಕೆ ಶೌಚಾಲಯದ ಜೆಟ್ ಸ್ಪ್ರೇಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಬಿಡಬಾರದು.

ಬಿಸಿನೀರಿನ ಬಗ್ಗೆ ಇಷ್ಟು ಸಾಕು. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರಿನ ಹನಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ನಮ್ಮ ಟೆರೇಸಿನ ಪೈಪುಗಳು ವರ್ಷದ ಹೆಚ್ಚು ದಿನ ಇದೇ ಬಿಸಿಯಲ್ಲಿರುತ್ತವೆ. ಆಸ್ಪತ್ರೆ, ಲಾಡ್ಜಿನವರು ಸೋಲಾರ್ ಟಾಂಕಿಯನ್ನು 60 ಡಿಗ್ರಿಗೆ ಏರಿಸಿ ಇಡಲಿ, ಖಾಲಿ ಕೋಣೆಯ ಶವರನ್ನು ವಾರಕ್ಕೊಮ್ಮೆ ಹರಿಸಲಿ. ಗೀಸರ್ ನೀರನ್ನು ಅಡುಗೆಗೆ ಬಳಸಬೇಡಿ.

ಫಿಲ್ಟರ್ ಕೊಳ್ಳುವ ಮುನ್ನ

ನಮ್ಮ ಹೊಳೆ ನೀರಿಗೆ, ಕರಗಿದ ಉಪ್ಪನ್ನೂ ಸೋಸಿ ತೆಗೆಯುವ ಆರ್‌ಒ ಬೇಕಿಲ್ಲ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, ಲೀಟರಿಗೆ 500 ಮಿ.ಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ನಮ್ಮದು ಅದಕ್ಕಿಂತ ಬಹಳ ಕೆಳಗೆ. ಉಪ್ಪಾದ ಬಾವಿಯೇ ಗತಿ ಅನ್ನುವವರಿಗೆ, ಸೀಸ ಇದೆ ಅಂತ ಲ್ಯಾಬ್ ಹೇಳಿದವರಿಗೆ ಆರ್‌ಒ ಉಪಯೋಗ. ಯುವಿ ಬೆಳಕಿನ ಫಿಲ್ಟರ್ ಸೂಕ್ಷ್ಮಜೀವಿ ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು. ತುಕ್ಕು ಬಂದರೆ ಬೆಳಕು ದಾಟುವುದಿಲ್ಲ. ಕುದಿಸುವುದು ಜೀವಿಗಳಿಗೆ ಒಳ್ಳೆ ಮದ್ದು, ಸೀಸ, ತಾಮ್ರ ಮಾತ್ರ ಕುದಿಸಿದರೆ ಹೋಗುವುದಿಲ್ಲ.

ದೊಡ್ಡ ಕಟ್ಟಡಗಳಿಗೆ ಇದ್ದಿಲಿನ ದೊಡ್ಡ ಫಿಲ್ಟರನ್ನು ಸಂಪಿನ ಹತ್ತಿರವೇ ಕೂರಿಸಲು ಮಾರುವವರು ಬರುತ್ತಾರೆ. ನಮಗೂ ಬಂದಿದ್ದರು. ಒಪ್ಪಬೇಡಿ. ಇದ್ದಿಲು ಕ್ಲೋರಿನ್ ತೆಗೆದುಬಿಡುತ್ತದೆ. ಅಲ್ಲಿಂದ ನಲ್ಲಿಯ ತನಕ ನೀರು ಕಾವಲಿಲ್ಲದೆ ಹೋಗಬೇಕು. ಇದ್ದಿಲಿನ ಫಿಲ್ಟರ್ ಬೇಕಿದ್ದರೆ ಅಡುಗೆಮನೆಯ ನಲ್ಲಿಗೆ ಹಾಕಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಅಂತೂ ನಮ್ಮ ಮೆದು ನೀರಿಗೆ ದಂಡ. ಬಾವಿ ನೀರು ಬಹಳ ಹುಳಿಯಿದ್ದು ಹಳೆ ಲೋಹದ ಪೈಪು ಬದಲಿಸಲು ಆಗದಿದ್ದರೆ, ಸುಣ್ಣಕಲ್ಲಿನ ಚೂರು ತುಂಬಿದ ಫಿಲ್ಟರ್ ಸಂಪಿನ ಹತ್ತಿರ ಹಾಕಿಸಬಹುದು. ಅದು ನಿಧಾನ ಕರಗಿ ಹುಳಿ ಮುರಿಯುತ್ತದೆ.

ದುಡ್ಡು ಬಿಚ್ಚುವ ಮೊದಲು ಮೂರು ಬಾಟಲಿ ನೀರು ಹಿಡಿಯಿರಿ. ಗೇಟಿನದ್ದು, ಮೇಲಿನ ಟಾಂಕಿಯದ್ದು, ಅಡುಗೆಮನೆಯ ಬೆಳಗಿನ ಮೊದಲನೆಯದ್ದು. ಮೂರಕ್ಕೂ ಕ್ಲೋರಿನ್ ನೋಡಿ. ಹನಿ ಹಾಕಿದರೆ ಹಳದಿಯಾಗುವ ಕಿಟ್ ಸಿಗುತ್ತದೆ. ಪಿಎಚ್ ನೋಡಿ. ಮಲದ ಸೋಂಕಿಗೆ ಎಚ್‌2ಎಸ್ ಬಾಟಲಿ ಇದೆ. 1982ರಲ್ಲಿ ನಮ್ಮ ದೇಶದಲ್ಲೇ ರೂಪಿಸಿದ ಸರಳ ಪರೀಕ್ಷೆ ಅದು. ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಕಪ್ಪಾದರೆ ಸೋಂಕು. ಸೀಸ, ತಾಮ್ರಕ್ಕೆ ಲ್ಯಾಬೇ ಬೇಕು. ಗೇಟಿನಲ್ಲಿ ಚೆನ್ನಾಗಿದ್ದು ಟಾಂಕಿಯಲ್ಲಿ ಕೆಟ್ಟಿದ್ದರೆ ಸಂಪಿಗೆ ಕೈ ಹಾಕಿ. ಟಾಂಕಿಯಲ್ಲಿ ಚೆನ್ನಾಗಿದ್ದು ಅಡುಗೆಮನೆಯಲ್ಲಿ ಕೆಟ್ಟಿದ್ದರೆ ಪೈಪಿಗೆ. ಗೇಟಿನಲ್ಲೇ ಕೆಟ್ಟಿದ್ದರೆ ಬಾಟಲಿ ಹಿಡಿದುಕೊಂಡೇ ನೀರು ಸರಬರಾಜಿನವರ ಹತ್ತಿರ ಹೋಗಿ. ಒಂದು ಪರೀಕ್ಷೆ ಮಳೆಗಾಲದಲ್ಲಿ, ಒಂದು ಮೇನಲ್ಲಿ ಆಗಲಿ. ಎರಡು ಕಾಲದ ನೀರು ಒಂದೇ ಅಲ್ಲ.

ಹೊಸ ಪೈಪು ಹಾಕಿಸುವವರು ಗಿಲಾವು ಮಾಡುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದುಕೊಳ್ಳಿ. ಪಕ್ಕದಲ್ಲಿ ಟೇಪ್ ಹಿಡಿದು, ನೆಲದಿಂದ ಎಷ್ಟು ಎತ್ತರ, ಬಾಗಿಲಿನಿಂದ ಎಷ್ಟು ದೂರ ಅಂತ ಕಾಣುವ ಹಾಗೆ. ನಮ್ಮ 24 ಮನೆಗಳ ಫೋಟೋ ಒಂದು ಫೈಲಿನಲ್ಲಿ ಇಟ್ಟಿದ್ದೇವೆ. ಫೈಲು ವಾಚ್‌ಮನ್ ಕೋಣೆಯಲ್ಲಿದೆ, ಕೀಲಿಗಳ ಗೊಂಚಲಿನ ಪಕ್ಕದಲ್ಲಿ.